ಮನೆಯೊಳಗಿನ ಮೂಲಿಕೆಗೆ ಬೆಳಕಿನ ಮಾತ್ರೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಕೈಗೆಟಕುವ ಮದ್ದನ್ನು ಜನ ಕಡೆಗಣಿಸುತ್ತಾರಲ್ಲ ಎಂಬ ಕೊರಗು ಆ ಮಾತಿನಲ್ಲಿದೆ. ಇಂದು ನಗರವಾಸಿಗಳ ಸ್ಥಿತಿ ಬೇರೆಯಾಗಿದೆ. ಅವರಿಗೆ ಮದ್ದಿನ ಗಿಡ ಬೇಕು. ಆದರೆ ಹಿತ್ತಲೇ ಇಲ್ಲ. ಊರಿನ ಮನೆ ಬಿಟ್ಟು ಮಕ್ಕಳ ಜೊತೆ ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ಹಿರಿಯರು ನಮ್ಮ ಚಿಕಿತ್ಸಾಲಯಕ್ಕೆ ಬಂದಾಗ ಪದೇ ಪದೇ ಹೇಳುವ ಮಾತೊಂದಿದೆ: “ತುಳಸಿ ಇಟ್ಟೆವು, ತಿಂಗಳೊಳಗೆ ಎಲೆ ಉದುರಿತು. ದೊಡ್ಡಪತ್ರೆ ಬಳ್ಳಿಯ ಹಾಗೆ ಸೊರಗಿ ಬಾಗಿತು. ನೀರು, ಗೊಬ್ಬರ ಎಲ್ಲ ಕೊಟ್ಟೆವು. ಆದರೂ ಉಳಿಯಲಿಲ್ಲ.”

ಇವರ ಆರೈಕೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ, ಕೊರತೆಯಿರುವುದು ಬೆಳಕಿನಲ್ಲಿ. ಈ ಕೊರತೆಯನ್ನು ತುಂಬಲು ಈಗ ‘ಗ್ರೋ ಲೈಟ್’ ಎಂಬ ಸಸ್ಯದೀಪಗಳು ಮಾರುಕಟ್ಟೆಗೆ ಬಂದಿವೆ. ಮೊಬೈಲಿನಿಂದಲೇ ಹೊತ್ತಿಸುವ, ಆರಿಸುವ, ಮಂಕು ಮಾಡುವ ‘ಸ್ಮಾರ್ಟ್’ ದೀಪಗಳೂ ಇವೆ. ಇವುಗಳಿಂದ ನಿಜವಾದ ಪ್ರಯೋಜನವುಂಟು. ಆದರೆ ಔಷಧಕ್ಕೆ ಇರುವಂತೆ ಬೆಳಕಿಗೂ ಮಾತ್ರೆ ಮತ್ತು ಕಾಲ ಎಂಬ ಎರಡು ಕಟ್ಟುಪಾಡುಗಳಿವೆ. ಅವನ್ನು ಅರಿಯದೆ ಬಳಸಿದರೆ ಗಿಡವೂ ಏಳದು, ಮನೆಯವರ ನಿದ್ರೆಯೂ ಕೆಡುವುದು. ಆದ್ದರಿಂದ ದೀಪವನ್ನು ಆರಿಸುವ, ಅಳವಡಿಸುವ ಹಾಗೂ ಬಳಸುವ ಕ್ರಮವನ್ನು ಈ ಲೇಖನದಲ್ಲಿ ತಿಳಿಸಲು ಯತ್ನಿಸಿದ್ದೇವೆ.

ಗಿಡಕ್ಕೆ ಬೆಳಕೇ ಆಹಾರ

ಗೊಬ್ಬರ ಗಿಡದ ಊಟವೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಗೊಬ್ಬರವು ಅಡುಗೆಗೆ ಬೇಕಾದ ಉಪ್ಪು ಖಾರದಂತೆ; ಅನ್ನ ಬೇಯುವುದು ಬೆಳಕಿನಲ್ಲಿಯೇ. ಎಲೆಯ ಹಸಿರು ದ್ರವ್ಯವು ಬೆಳಕಿನ ಬಲದಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಕೂಡಿಸಿ ಸಕ್ಕರೆಯನ್ನು ಮಾಡುತ್ತದೆ. ಕಾಂಡ, ಬೇರು, ಹೂವು, ಪರಿಮಳ ಎಲ್ಲವೂ ಆ ಸಕ್ಕರೆಯಿಂದಲೇ ಹುಟ್ಟತಕ್ಕವು. ಬೆಳಕು ಸಾಲದ ಗಿಡಕ್ಕೆ ಹೆಚ್ಚು ಗೊಬ್ಬರ ಹಾಕುವುದೆಂದರೆ ಹಸಿದವನಿಗೆ ಬರೀ ಉಪ್ಪಿನಕಾಯಿ ಬಡಿಸಿದಂತೆ.

ನಮ್ಮ ಪ್ರಾಚೀನ ಆಚಾರ್ಯರು ಈ ಸಂಗತಿಯನ್ನು ಬಲ್ಲವರಾಗಿದ್ದರು. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಔಷಧಿ ಸಸ್ಯಗಳನ್ನು ಎಂತಹ ನೆಲದಿಂದ ತರಬೇಕೆಂಬ ವಿವರಣೆಯಿದೆ. ಚಳಿ, ಬಿಸಿಲು, ಗಾಳಿ, ನೀರು ಇವೆಲ್ಲವೂ ಆಯಾ ಕಾಲಕ್ಕೆ ದೊರೆಯುವ ನೆಲವಾಗಿರಬೇಕು; ಬಲಿಷ್ಠವಾದ ಬೇರೆ ಮರಗಳು ಆ ಸಸ್ಯವನ್ನು ಅಡಗಿಸಿರಬಾರದು; ರಸ, ವೀರ್ಯ, ಗಂಧಗಳು ಪೂರ್ಣ ಪ್ರಮಾಣಕ್ಕೆ ಬಂದಿರಬೇಕು ಎಂಬುದು ಅದರ ತಾತ್ಪರ್ಯ. ನೆರಳಿನಲ್ಲಿ ಸೊರಗಿದ ಗಿಡ ಹಸಿರಾಗಿ ಕಂಡರೂ ಔಷಧವಾಗಲಾರದೆಂಬ ಎಚ್ಚರ ಇದರಲ್ಲಿ ಅಡಗಿದೆ. ಕಾಮಕಸ್ತೂರಿಯ ಮೇಲೆ ನಡೆದ ಆಧುನಿಕ ಪ್ರಯೋಗಗಳೂ ಇದನ್ನು ಪುಷ್ಟೀಕರಿಸುತ್ತವೆ. ಗಾಢ ನೆರಳಿನಲ್ಲಿ ಬೆಳೆದ ಗಿಡಕ್ಕಿಂತ ಒಳ್ಳೆಯ ಬೆಳಕಿನಲ್ಲಿ ಬೆಳೆದ ಗಿಡದ ಎಲೆಗಳಲ್ಲಿ ಸುಗಂಧ ತೈಲದ ಅಂಶ ಹೆಚ್ಚು. ತುಳಸಿಯ ಎಲೆಯನ್ನು ಉಜ್ಜಿದಾಗ ವಾಸನೆ ಬಾರದಿದ್ದರೆ ಅದು ಉಪವಾಸವಿರುವ ಗಿಡವೆಂದೇ ತಿಳಿಯಬೇಕು.

ಕಣ್ಣು ಮಾಡುವ ಮೋಸ

“ನಮ್ಮ ಪಡಸಾಲೆಯಲ್ಲಿ ಬೇಕಾದಷ್ಟು ಬೆಳಕಿದೆಯಲ್ಲ” ಎಂದು ಅನೇಕರು ಕೇಳುತ್ತಾರೆ. ಮಾನವನ ಕಣ್ಣು ಇಲ್ಲಿ ನಂಬಲರ್ಹವಾದ ಸಾಕ್ಷಿಯಲ್ಲ. ಮಂದ ಬೆಳಕಿನಲ್ಲಿ ಕಣ್ಣಿನ ಪಾಪೆ ಹಿಗ್ಗುತ್ತದೆ, ಅಕ್ಷಿಪಟವು ಹೊಂದಿಕೊಳ್ಳುತ್ತದೆ, ನಮಗೆ ಎಲ್ಲವೂ ಸ್ಪಷ್ಟವಾಗಿ ಕಾಣಿಸುತ್ತದೆ. ಎಲೆಗೆ ಅಂತಹ ಹೊಂದಾಣಿಕೆ ಸಾಧ್ಯವಿಲ್ಲ. ಅದಕ್ಕೆ ಬಂದಷ್ಟೇ ಬೆಳಕು.

ಬೆಳಕನ್ನು ಅಳೆಯುವ ಸಾಮಾನ್ಯ ಮಾನವನ್ನು ಲಕ್ಸ್ ಎನ್ನುತ್ತಾರೆ. ನಿರ್ಮಲ ಆಕಾಶದ ನಡುಹಗಲಿನಲ್ಲಿ ಬಯಲಿನ ಬೆಳಕು ಸುಮಾರು 1,00,000 ಲಕ್ಸ್ ಇರುತ್ತದೆ. ಮೋಡ ಕವಿದ ದಿನ ಅದು 10,000ದಿಂದ 20,000ಕ್ಕೆ ಇಳಿಯಬಹುದು. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಸಾಮಾನ್ಯವಾಗಿ ಕೆಲವು ಸಾವಿರ ಲಕ್ಸ್ ಮಾತ್ರ. ಕೋಣೆಯ ಒಳಭಾಗದಲ್ಲಿ, ಪತ್ರಿಕೆ ಓದಲು ಸಾಕೆನಿಸುವ ಬೆಳಕಿನಲ್ಲಿ, 200ರಿಂದ 300 ಲಕ್ಸ್. ಬಯಲಿಗೂ ಪಡಸಾಲೆಗೂ ನೂರಾರು ಪಟ್ಟು ಅಂತರವಿದೆ. ನಮ್ಮ ಕಣ್ಣಿಗೆ ಅದು ಎರಡು ಮೂರು ಪಟ್ಟಿನಂತೆ ಕಾಣುತ್ತದೆ.

ಆದ್ದರಿಂದ ದೀಪವನ್ನು ಕೊಳ್ಳುವ ಮೊದಲು ಅಳೆಯಬೇಕು. ಬಹುಪಾಲು ಆ್ಯಂಡ್ರಾಯ್ಡ್ ಮೊಬೈಲುಗಳ ಮುಖಭಾಗದ ಮೇಲಂಚಿನಲ್ಲಿ ಬೆಳಕಿನ ಸಂವೇದಕವಿರುತ್ತದೆ. ಲಕ್ಸ್ ಅಳೆಯುವ ಉಚಿತ ಆ್ಯಪ್ ಒಂದನ್ನು ಹಾಕಿಕೊಂಡು, ಗಿಡದ ತುದಿಯೆಲೆ ಇರುವ ಎತ್ತರದಲ್ಲಿ ಮೊಬೈಲಿನ ಮುಖವನ್ನು ಬೆಳಕಿನ ಕಡೆಗೆ ಹಿಡಿದು, ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಗೆ ನೋಡಿ ಬರೆದಿಡಬೇಕು. ಇದು ಸ್ಥೂಲವಾದ ಅಳತೆಯಷ್ಟೇ. ಆದರೂ ನಮ್ಮ ಕೆಲಸಕ್ಕೆ ಸಾಕು. ಮೂರೂ ಹೊತ್ತು 10,000ಕ್ಕಿಂತ ಹೆಚ್ಚು ಕಂಡರೆ, ಅಥವಾ ದಿನಕ್ಕೆ 4-5 ಗಂಟೆ ನೇರ ಬಿಸಿಲು ಬೀಳುವ ಬಾಲ್ಕನಿ ಇದ್ದರೆ, ದೀಪದ ಅಗತ್ಯವೇ ಇಲ್ಲ. ಕುಂಡವನ್ನು ಅಲ್ಲಿಗೆ ಸರಿಸಿದರೆ ಆಯಿತು. ಖರ್ಚಿಲ್ಲದ ಬಿಸಿಲಿರುವಾಗ ಖರ್ಚಿನ ಬೆಳಕಿಗೆ ಹೋಗುವುದು ವಿವೇಕವಲ್ಲ.

ದೀಪದ ಆಯ್ಕೆ

ಸಸ್ಯವು ಬಳಸುವುದು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು. ಅಂದರೆ ನೇರಳೆಯಿಂದ ಕೆಂಪಿನವರೆಗೆ, ನಮ್ಮ ಕಣ್ಣಿಗೆ ಕಾಣುವ ಬೆಳಕನ್ನೇ. ಎಲೆಯ ಹಸಿರು ದ್ರವ್ಯವು ನೀಲಿ ಮತ್ತು ಕೆಂಪನ್ನು ಹೆಚ್ಚಾಗಿ ಹೀರುತ್ತದೆ ಎಂಬ ಕಾರಣಕ್ಕೆ ಮೊದಮೊದಲು ಬಂದ ದೀಪಗಳು ಗುಲಾಬಿ ಮಿಶ್ರಿತ ನೇರಳೆ ಬಣ್ಣದವಾಗಿದ್ದವು. ಇಂದಿಗೂ ಅವು ಅಗ್ಗಕ್ಕೆ ಸಿಗುತ್ತವೆ. ಆದರೆ ಕೀತ್ ಮೆಕ್ರೀ ಎಂಬ ವಿಜ್ಞಾನಿ ಹಲವು ಬೆಳೆಗಳ ಎಲೆಗಳ ಮೇಲೆ ಬೇರೆ ಬೇರೆ ಬಣ್ಣದ ಬೆಳಕನ್ನು ಹಾಯಿಸಿ ನಡೆಸಿದ ಅಳತೆಗಳನ್ನು 1972ರಲ್ಲಿ ಪ್ರಕಟಿಸಿದಾಗಲೇ, ಹಸಿರು ಮತ್ತು ಹಳದಿ ಬೆಳಕು ಕೂಡ ಎಲೆಗೆ ಉಪಯುಕ್ತವೆಂದು ಸ್ಪಷ್ಟವಾಗಿತ್ತು. ಆದಕಾರಣ ಮನೆಗೆ ‘ಫುಲ್ ಸ್ಪೆಕ್ಟ್ರಮ್’ ಎಂದು ಕರೆಯುವ ಬಿಳಿ ದೀಪವೇ ಯೋಗ್ಯ. ಬಿಳಿ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣ ಕಾಣುವುದರಿಂದ ರೋಗ ಕೀಟಗಳ ಸುಳಿವು ಬೇಗ ಸಿಗುತ್ತದೆ. ಮನೆಯವರ ಕಣ್ಣಿಗೂ ಹಿತ. ಪೊಟ್ಟಣದ ಮೇಲೆ 4000ಕೆ ಅಥವಾ 5000ಕೆ ಎಂದಿರುವುದನ್ನು ಆರಿಸಬಹುದು.

ಬಿಳಿ ಎಲ್ಇಡಿ ಬಂದದ್ದು ನೀಲಿ ಎಲ್ಇಡಿಯ ಶೋಧದಿಂದ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಮರುವರ್ಷ, 2015ರ ಆಗಸ್ಟ್ ತಿಂಗಳಲ್ಲಿ, ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಯಾತ್ರಿಗಳು ಎಲ್ಇಡಿ ಬೆಳಕಿನಲ್ಲಿ ತಾವೇ ಬೆಳೆದ ಲೆಟ್ಯೂಸ್ ಸೊಪ್ಪನ್ನು ತಿಂದರು. ಬಯಲಿಲ್ಲದ ಕಡೆಯೂ ಸೊಪ್ಪು ಬೆಳೆದೀತು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕೊಳ್ಳುವಾಗ ವಾಟ್ ವಿಷಯದಲ್ಲಿ ಎಚ್ಚರ ಬೇಕು. ‘1000 ವಾಟ್’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದ ದೀಪವು ನಿಜವಾಗಿ ಎಳೆಯುವ ವಿದ್ಯುತ್ತು ನೂರು ವಾಟ್ ಕೂಡ ಇರಲಿಕ್ಕಿಲ್ಲ. ವಿವರಗಳ ಪಟ್ಟಿಯಲ್ಲಿ ನಿಜವಾಗಿ ಎಷ್ಟು ವಾಟ್ ಬಳಸುತ್ತದೆ ಎಂಬುದನ್ನು ಹುಡುಕಿ ನೋಡಬೇಕು. ಸ್ಥೂಲವಾಗಿ ಹೇಳುವುದಾದರೆ, ಎರಡು ಅಡಿ ಉದ್ದ, ಒಂದು ಅಡಿ ಅಗಲದ ಜಾಗಕ್ಕೆ, ಅಂದರೆ ನಾಲ್ಕೈದು ಸಣ್ಣ ಕುಂಡಗಳಿಗೆ, ನಿಜವಾದ 30 ವಾಟಿನ ಒಳ್ಳೆಯ ಬಿಳಿ ಪ್ಯಾನೆಲ್ ಸಾಕು. ಅದನ್ನು ದಿನಕ್ಕೆ 14 ಗಂಟೆ ಉರಿಸಿದರೆ ತಿಂಗಳಿಗೆ 12.6 ಯೂನಿಟ್ ವಿದ್ಯುತ್ತು ಬೇಕು. ಯೂನಿಟ್ಟಿಗೆ 7 ರೂಪಾಯಿಯಂತೆ ಲೆಕ್ಕ ಹಿಡಿದರೆ ಸುಮಾರು 88 ರೂಪಾಯಿ. ಒಂದೆಲಗ, ದೊಡ್ಡಪತ್ರೆಗಳಷ್ಟೇ ಸಾಕೆನ್ನುವವರಿಗೆ ಸಸ್ಯದೀಪವೇ ಆಗಬೇಕೆಂದಿಲ್ಲ. ನಾಲ್ಕು ಅಡಿಯ ಸಾಮಾನ್ಯ 20 ವಾಟಿನ ಎರಡು ಬಿಳಿ ಎಲ್ಇಡಿ ಟ್ಯೂಬುಗಳನ್ನು ಶೆಲ್ಫಿನ ಅಡಿಗೆ ಅಕ್ಕಪಕ್ಕ ಕಟ್ಟಿ, ಎಲೆಗಳಿಂದ ಒಂದು ಗೇಣಿನ ಎತ್ತರದಲ್ಲಿರಿಸಿದರೂ ಕೆಲಸ ನಡೆಯುತ್ತದೆ.

ದೀಪ ಮತ್ತು ಅದರ ಡ್ರೈವರ್ ಮೇಲೆ ಬಿಐಎಸ್ ಗುರುತಿರುವುದನ್ನು ನೋಡಿಕೊಳ್ಳಬೇಕು. ಹೊತ್ತಿಸಿದ ದೀಪವನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ಕಪ್ಪು ಪಟ್ಟಿಗಳು ಓಡುವಂತೆ ಕಂಡರೆ ಆ ದೀಪ ಮಿನುಗುತ್ತಿದೆ ಎಂದರ್ಥ. ಅರೆತಲೆನೋವಿನವರು ಇರುವ ಮನೆಗೆ ಅಂತಹ ದೀಪ ತರಬಾರದು.

ಅಳವಡಿಸುವ ಕ್ರಮ

ಸ್ಥಳವನ್ನು ಕಿಟಕಿಯ ಹತ್ತಿರವೇ ಆರಿಸಿಕೊಳ್ಳುವುದು ಮೇಲು. ದೊರೆಯುವ ಸಹಜ ಬೆಳಕಿಗೆ ದೀಪವು ಪೂರಕವಾಗಲಿ. ಮಲಗುವ ಕೋಣೆ, ದೂರದರ್ಶನದ ಎದುರು, ಹಿರಿಯರು ಮಲಗುವ ಪಡಸಾಲೆ ಇವು ತಕ್ಕ ಸ್ಥಳಗಳಲ್ಲ.

ದೀಪವನ್ನು ಗಿಡದ ನೆತ್ತಿಯ ನೇರಕ್ಕೆ ಕಟ್ಟಬೇಕು. ಪಕ್ಕದಿಂದ ಬಿಟ್ಟರೆ ಗಿಡ ಆ ಕಡೆಗೆ ವಾಲುತ್ತದೆ. ಪ್ಯಾನೆಲ್ ಆದರೆ ತುದಿಯೆಲೆಯಿಂದ ಸುಮಾರು 30 ಸೆಂಟಿಮೀಟರ್ ಎತ್ತರದಿಂದ ಆರಂಭಿಸಬಹುದು. ದೂರ ಹೆಚ್ಚಿದಂತೆ ಬೆಳಕು ಬಹಳ ಬೇಗ ಕುಗ್ಗುತ್ತದೆ ಎಂಬುದನ್ನು ನೆನಪಿಡಬೇಕು. ಸಣ್ಣ ಬಲ್ಬಿನ ವಿಷಯದಲ್ಲಿ ದೂರವನ್ನು ಎರಡು ಪಟ್ಟು ಮಾಡಿದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಚಾವಣಿಯಲ್ಲಿ ದುಬಾರಿ ದೀಪ ಹಾಕಿ ನೆಲದ ಮೇಲೆ ಕುಂಡವಿಟ್ಟರೆ ಪ್ರಯೋಜನವಿಲ್ಲದಿರಲು ಇದೇ ಕಾರಣ. ಎಲೆಯ ಎತ್ತರದಲ್ಲಿ ಒಂದು ನಿಮಿಷ ಅಂಗೈ ಹಿಡಿದು ನೋಡಬೇಕು. ಬಿಸಿ ಎನಿಸಿದರೆ ದೀಪವನ್ನು ಇನ್ನಷ್ಟು ಮೇಲಕ್ಕೆತ್ತಬೇಕು. ಗಿಡ ಬೆಳೆದಂತೆ ದೀಪವೂ ಏರಬೇಕಾದ್ದರಿಂದ ಸರಪಳಿ ಅಥವಾ ಎತ್ತರ ಬದಲಿಸುವ ಹಗ್ಗದಲ್ಲಿ ತೂಗುಹಾಕುವುದು ಅನುಕೂಲ.

ವಿದ್ಯುತ್ತು ಮತ್ತು ನೀರು ಒಂದೆಡೆ ಸೇರುವ ಕೆಲಸ ಇದು. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟನ್ನೇ ಬಳಸಬೇಕು. ಮನೆಯ ಮೀಟರ್ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳಬೇಕು. ಸಾಕೆಟ್ ಕುಂಡಗಳಿಗಿಂತ ಮೇಲಿರಲಿ. ವೈರು ಸಾಕೆಟ್ಟಿಗೆ ಸೇರುವ ಮೊದಲು ಕೆಳಕ್ಕೆ ಜೋತು ಮತ್ತೆ ಮೇಲಕ್ಕೇರುವಂತಿರಲಿ. ಆಗ ವೈರಿನ ಗುಂಟ ಹರಿದ ನೀರು ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ಟಿಗೆ ಹೋಗದು. ನೀರು ಹಾಕುವಾಗ, ಎಲೆ ತೊಳೆಯುವಾಗ ದೀಪವನ್ನು ಆರಿಸಿಯೇ ಕೆಲಸ ಮಾಡಬೇಕು.

‘ಸ್ಮಾರ್ಟ್’ ವ್ಯವಸ್ಥೆಯ ಬಳಕೆ

ಇದರ ಮುಖ್ಯ ಪ್ರಯೋಜನ ಒಂದೇ: ನಿಯಮ. ದೀಪ ದಿನವೂ ಒಂದೇ ಹೊತ್ತಿಗೆ ಹೊತ್ತಿ ಒಂದೇ ಹೊತ್ತಿಗೆ ಆರಬೇಕು. ಮನೆಯವರ ಮರೆವಿಗೆ, ಪ್ರಯಾಣಕ್ಕೆ ಅದು ಒಳಪಡಬಾರದು. ಇದಕ್ಕಾಗಿ ಸ್ಮಾರ್ಟ್ ದೀಪವನ್ನೇ ಕೊಳ್ಳಬಹುದು. ಇಲ್ಲವೇ ಸಾಮಾನ್ಯ ದೀಪವನ್ನು ಸ್ಮಾರ್ಟ್ ಪ್ಲಗ್ಗಿಗೆ ಸೇರಿಸಬಹುದು.

ಪ್ಲಗ್ಗನ್ನು ಸಾಕೆಟ್ಟಿಗೆ ಹಾಕಿ, ಅದರ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಅದರ ಸಣ್ಣ ದೀಪ ಮಿಣುಕತೊಡಗುತ್ತದೆ. ಆಗ ಅದರ ಆ್ಯಪ್ ತೆರೆದು ಮನೆಯ ವೈ-ಫೈ ಹೆಸರು, ಪಾಸ್‌ವರ್ಡ್ ಕೊಡಬೇಕು. ಇಂತಹ ಬಹುಪಾಲು ಸಾಧನಗಳು 2.4 ಗಿಗಾಹರ್ಟ್ಸ್ ವೈ-ಫೈಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ಜೋಡಣೆ ವಿಫಲವಾದರೆ ಮೊಬೈಲು 5 ಗಿಗಾಹರ್ಟ್ಸ್ ಜಾಲದಲ್ಲಿದೆಯೇ ಎಂದು ಮೊದಲು ನೋಡಬೇಕು. ಬಳಿಕ ದೇಶ ಮತ್ತು ಸಮಯವನ್ನು ಭಾರತಕ್ಕೆ ಹೊಂದಿಸಿ, ‘ಷೆಡ್ಯೂಲ್’ ಎಂಬಲ್ಲಿ ಹೊತ್ತಿಸುವ ಮತ್ತು ಆರಿಸುವ ಗಂಟೆಗಳನ್ನು ನಮೂದಿಸಿದರೆ ಕೆಲಸ ಮುಗಿಯಿತು. ವಿದ್ಯುತ್ ಹೋಗಿ ಬಂದಾಗ ದೀಪ ಯಾವ ಸ್ಥಿತಿಯಲ್ಲಿರಬೇಕೆಂದು ಕೇಳುವ ಆಯ್ಕೆಯಿದ್ದರೆ ‘ಹಿಂದಿನ ಸ್ಥಿತಿ’ ಎಂಬುದನ್ನು ಆರಿಸಬೇಕು. ಇಲ್ಲವಾದಲ್ಲಿ ಬೆಳಗ್ಗೆ ಹೋದ ವಿದ್ಯುತ್ತು ಮರಳಿದ ಮೇಲೂ ದೀಪ ಆರಿಯೇ ಇರಬಹುದು. ದೀಪ ಹೊತ್ತಿಸುವ ಆ್ಯಪ್ ನಮ್ಮ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನೋ ಮೈಕನ್ನೋ ಕೇಳಿದರೆ ಕೊಡಬೇಕಾದ ಕಾರಣವಿಲ್ಲ.

ವೈ-ಫೈ ಇಲ್ಲದ ಮನೆಯವರು ಚಿಂತಿಸಬೇಕಿಲ್ಲ. ತಿರುಗುವ ಮುಖದ ಸಾದಾ ಟೈಮರ್ ಪ್ಲಗ್ ಇದೇ ಕೆಲಸವನ್ನು ಮಾಡುತ್ತದೆ. ವಿದ್ಯುತ್ ಹೋದಾಗ ಅದರ ಗಡಿಯಾರವೂ ನಿಲ್ಲುವುದರಿಂದ ಆಗಾಗ್ಗೆ ಸಮಯ ಸರಿಪಡಿಸಿಕೊಳ್ಳಬೇಕು, ಅಷ್ಟೇ.

ಯಾವ ಗಿಡಕ್ಕೆ ಎಷ್ಟು?

ಕೆಳಗಿನ ಪ್ರಮಾಣಗಳು ಬಿಳಿ ಎಲ್ಇಡಿ ದೀಪಕ್ಕೆ, ತುದಿಯೆಲೆಯ ಎತ್ತರದಲ್ಲಿ ಅಳೆದ ಲಕ್ಸ್ ಲೆಕ್ಕದಲ್ಲಿವೆ.

ತುಳಸಿ, ಕಾಮಕಸ್ತೂರಿ: ಇವು ಬಿಸಿಲಿನ ಮಕ್ಕಳು. 15,000ದಿಂದ 20,000 ಲಕ್ಸ್, ದಿನಕ್ಕೆ 14 ಗಂಟೆ.

ದೊಡ್ಡಪತ್ರೆ, ಪುದೀನ, ಲೋಳೆಸರ: 8,000ದಿಂದ 12,000 ಲಕ್ಸ್, 12ರಿಂದ 14 ಗಂಟೆ. ಲೋಳೆಸರಕ್ಕೆ ನೀರು ಮಾತ್ರ ಬಹಳ ಕಡಿಮೆ ಸಾಕು.

ಒಂದೆಲಗ, ವೀಳ್ಯದೆಲೆ: ಅರೆನೆರಳನ್ನು ಸಹಿಸುವ ಇವಕ್ಕೆ 5,000ದಿಂದ 8,000 ಲಕ್ಸ್, 12 ಗಂಟೆ. ಒಂದೆಲಗವನ್ನೇ ನಮ್ಮಲ್ಲಿ ಬ್ರಾಹ್ಮಿ ಎಂದು ಕರೆಯುವ ರೂಢಿಯಿದೆ. ಶಾಸ್ತ್ರದಲ್ಲಿ ಇದು ಮಂಡೂಕಪರ್ಣಿ. ಸಾಮಾನ್ಯವಾಗಿ ಬ್ರಾಹ್ಮಿ ಎಂದು ಗ್ರಹಿಸುವುದು ನೀರುಬ್ರಾಹ್ಮಿಯನ್ನು. ಸಸಿ ಕೊಳ್ಳುವಾಗ ಯಾವುದು ಬೇಕೆಂದು ಸ್ಪಷ್ಟವಾಗಿ ಕೇಳಬೇಕು.

ಕರಿಬೇವು, ನುಗ್ಗೆ, ಬೇವು, ಬಿಲ್ವ ಇವು ಬಯಲನ್ನು ಬೇಡುವ ಮರಗಳು. ಕೋಣೆಯೊಳಗಿನ ದೀಪಕ್ಕೆ ಹೇಳಿದವಲ್ಲ. ಅಮೃತಬಳ್ಳಿಯೂ ಹಬ್ಬಲು ಆಸರೆ, ಬಿಸಿಲು ಬೇಡುವ ಬಳ್ಳಿ. ಅದರ ವಿಷಯದಲ್ಲಿ ಗುರುತಿನ ಗೊಂದಲವೂ ಉಂಟು. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಅದೇ ಕುಲದ, ನೋಡಲು ಹೋಲುವ ಬೇರೆ ಬಳ್ಳಿಯೊಂದಿಗೆ ಇದನ್ನು ಬೆರೆಸಿಕೊಳ್ಳುವ ಅಪಾಯದತ್ತ ಆಯುಷ್ ಸಚಿವಾಲಯ ಗಮನ ಸೆಳೆಯಿತು. ಔಷಧಕ್ಕಾಗಿ ಬೆಳೆಸುವ ಯಾವುದೇ ಸಸಿಯನ್ನು ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಂತಹ ಖಚಿತ ಮೂಲದಿಂದಲೇ ತರುವುದು ಕ್ಷೇಮ.

ಹೊಸ ಗಿಡಕ್ಕೆ ಮೊದಲ ದಿನವೇ ಪೂರ್ಣ ಮಾತ್ರೆ ಸಲ್ಲದು. ಮೊದಲ ವಾರ 8 ಗಂಟೆ, ಎರಡನೆಯ ವಾರ 10-11 ಗಂಟೆ, ಮೂರನೆಯ ವಾರದಿಂದ ಪೂರ್ಣಾವಧಿ. ನಂತರ ಗಿಡವೇ ಮಾತನಾಡುತ್ತದೆ. ಗೆಣ್ಣುಗಳ ನಡುವಣ ಅಂತರ ಉದ್ದವಾಗಿ, ಹೊಸ ಎಲೆ ಚಿಕ್ಕದಾಗಿ, ಪರಿಮಳ ಕುಂದಿದರೆ ಬೆಳಕು ಹೀನಮಾತ್ರೆ. ತುದಿಯೆಲೆ ಬಿಳಿಚಿಕೊಂಡು, ಅಂಚು ಮುದುಡಿ, ಒಣಗಿದಂತಾದರೆ ಅತಿಮಾತ್ರೆ. ರೋಗಿಯ ನಾಡಿಯನ್ನು ನೋಡುವಂತೆ ವಾರಕ್ಕೊಮ್ಮೆ ಎಲೆಯನ್ನು ನೋಡಿ, ದೀಪವನ್ನು ನಾಲ್ಕು ಬೆರಳು ಇಳಿಸಬೇಕೋ ಏರಿಸಬೇಕೋ ನಿರ್ಧರಿಸಬೇಕು.

ನಮ್ಮ ನಾಡಿನಲ್ಲಿ ಡಿಸೆಂಬರಿನ ಹಗಲು ಕೂಡ 11 ಗಂಟೆಗಿಂತ ಕೆಳಗಿಳಿಯದು. ವಿದೇಶದಲ್ಲಿರುವ ನಮ್ಮ ಮಕ್ಕಳ ಪಾಡು ಹಾಗಲ್ಲ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ಭಾಗದ ಹಗಲು 8 ಗಂಟೆಗೂ ಕಡಿಮೆ, ಅದೂ ಮಂಕಾದ ಬೆಳಕು. ಊರಿನಿಂದ ಬೀಜ ತರಿಸಿ ತುಳಸಿ ಬೆಳೆಸಿದವರು ಚಳಿಗಾಲದಲ್ಲಿ ಅದನ್ನು ಕಳೆದುಕೊಂಡು ನೊಂದು ಬರೆಯುವುದುಂಟು. ಅಂಥವರಿಗೆ ಈ ದೀಪ ನಿಜವಾಗಿಯೂ ಅವಶ್ಯ. ಗಿಡವನ್ನು ಚಳಿಯ ಕಿಟಕಿಗಾಜಿಗೆ ತಾಗದಂತೆ ಇರಿಸುವುದೂ ಅಷ್ಟೇ ಅವಶ್ಯ.

ಕತ್ತಲೆಯೂ ಒಂದು ಮಾತ್ರೆ

“24 ಗಂಟೆ ಉರಿಸಿದರೆ ಇನ್ನೂ ಬೇಗ ಬೆಳೆಯುವುದಲ್ಲವೆ?” ಎಂಬ ಪ್ರಶ್ನೆ ಸಹಜ. ಹಾಗಾಗದು. ಹಗಲಿನಲ್ಲಿ ಗಳಿಸಿದ್ದನ್ನು ರಾತ್ರಿಯಲ್ಲಿ ಅಂಗಾಂಗಗಳಿಗೆ ಸಾಗಿಸಿ, ಹೊಂದಿಸಿಕೊಳ್ಳುವ ವ್ಯವಹಾರ ಸಸ್ಯದಲ್ಲೂ ಇದೆ. ಅದಕ್ಕೂ ಹಗಲಿರುಳಿನ ಒಳಗಡಿಯಾರವಿದೆ. ಕನಿಷ್ಠ 8 ಗಂಟೆಯ ಕತ್ತಲೆಯನ್ನು ಗಿಡಕ್ಕೆ ಉಳಿಸಬೇಕು.

ಇದಕ್ಕಿಂತ ಮುಖ್ಯವಾದುದು ಮನೆಯವರ ಕತ್ತಲೆ. ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಶರೀರದ ಮೂರು ಉಪಸ್ತಂಭಗಳೆಂದು ಆಯುರ್ವೇದ ಹೇಳುತ್ತದೆ. ಸಂಜೆಯ ನಂತರ ಕಣ್ಣಿಗೆ ಬೀಳುವ ಪ್ರಖರ ಬೆಳಕು, ಅದರಲ್ಲೂ ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕು, ನಿದ್ರೆಗೆ ಸಿದ್ಧಗೊಳಿಸುವ ಮೆಲಟೋನಿನ್ ಎಂಬ ಸ್ರಾವವನ್ನು ತಗ್ಗಿಸುತ್ತದೆ ಎಂಬುದು ಇಂದು ಸಿದ್ಧವಾದ ಸಂಗತಿ. ಸಸ್ಯದೀಪವು ಸಾಮಾನ್ಯ ಕೋಣೆಯ ದೀಪಕ್ಕಿಂತ ಹೆಚ್ಚು ಪ್ರಖರ. ನಮ್ಮಲ್ಲಿಗೆ ಬಂದ 70 ದಾಟಿದ ತಾಯಿಯೊಬ್ಬರು ಕೆಲವು ತಿಂಗಳಿನಿಂದ ನಡುರಾತ್ರಿಯವರೆಗೆ ನಿದ್ರೆ ಹತ್ತದೆ ಬಳಲುತ್ತಿದ್ದರು. ವಿಚಾರಿಸಿದಾಗ ತಿಳಿದುದೇನೆಂದರೆ, ಅವರು ಮಲಗುವ ಪಡಸಾಲೆಯಲ್ಲೇ ಮಗ ತಾಯಿಗಾಗಿ ತುಳಸಿಯ ದೀಪವನ್ನು ಕಟ್ಟಿದ್ದರು. ಬೆಳಗ್ಗೆ ತಡವಾಗಿ ಹೊತ್ತುವ ಆ ದೀಪ ರಾತ್ರಿ 11ರವರೆಗೆ ಉರಿಯುತ್ತಿತ್ತು. ದೀಪದ ವೇಳೆಯನ್ನು ಬೆಳಗಿನ 5ರಿಂದ ಸಂಜೆ 7ಕ್ಕೆ ಬದಲಿಸಿ, ದೀಪದ ಮೂಲೆಗೆ ಪರದೆ ಇಳಿಬಿಡಿಸಿದೆವು. ಸಂಜೆಯ ಚಹಾವನ್ನೂ ನಿಲ್ಲಿಸಿದೆವು. ಮೂರು ವಾರಗಳಲ್ಲಿ ನಿದ್ರೆ ಮೊದಲಿನ ಹದಕ್ಕೆ ಬಂದಿತು. ಯಾವುದರ ಪಾಲು ಎಷ್ಟೆಂದು ಹೇಳಲಾಗದು. ಆದರೆ ಗಿಡದ ಆರೈಕೆ ಮನುಷ್ಯರ ನಿದ್ರೆಗೆ ಎರವಾಗಬಾರದೆಂಬುದು ನಿಶ್ಚಿತ. ಬೆಳಗ್ಗೆ 5 ಅಥವಾ 6ಕ್ಕೆ ಹೊತ್ತಿ, ಸಂಜೆ 7 ಅಥವಾ 8ರೊಳಗೆ ಆರುವಂತೆ ಗಂಟೆಗಳನ್ನು ಹೊಂದಿಸುವುದೇ ಸರಿಯಾದ ಕ್ರಮ. ಬೆಳಕನ್ನು ಹಂತಹಂತವಾಗಿ ತಗ್ಗಿಸುವ ಸೌಲಭ್ಯವಿದ್ದರೆ ಕೊನೆಯ ಒಂದು ಗಂಟೆ ಅದನ್ನು ಬಳಸಬಹುದು. ಉರಿಯುವ ಎಲ್ಇಡಿಯನ್ನು ನೇರವಾಗಿ ದಿಟ್ಟಿಸಬಾರದೆಂದು ಮಕ್ಕಳಿಗೆ ತಿಳಿಹೇಳಬೇಕು.

ಎರಡು ತಪ್ಪು ತಿಳಿವಳಿಕೆಗಳು

‘ಸೂರ್ಯನ ಬೆಳಕಿನಂತಹ ದೀಪ’ ಎಂಬ ಜಾಹೀರಾತನ್ನು ನಂಬಿ, ಅದರ ಕೆಳಗೆ ಕುಳಿತರೆ ವಿಟಮಿನ್ ಡಿ ದೊರೆಯುವುದೆಂದು ತಿಳಿದವರಿದ್ದಾರೆ. ನಮ್ಮ ಚರ್ಮ ವಿಟಮಿನ್ ಡಿ ತಯಾರಿಸಲು ಬೇಕಾದುದು ನೇರಳಾತೀತ ‘ಬಿ’ ಕಿರಣ. ಮನೆಯ ಸಾಮಾನ್ಯ ಸಸ್ಯದೀಪದಲ್ಲಿ ಅದು ಇರುವುದಿಲ್ಲ. ಕಿಟಕಿಯ ಗಾಜು ಕೂಡ ಅದನ್ನು ತಡೆಯುತ್ತದೆ. ಗಿಡಕ್ಕೆ ದೀಪ ಸಾಕಾದೀತು, ನಮಗೆ ಹೊರಗಿನ ಬಿಸಿಲಿನಲ್ಲಿ ಓಡಾಡುವುದು ತಪ್ಪದು.

ಇನ್ನೊಂದು, ಕೋಣೆಯಲ್ಲಿ ನಾಲ್ಕು ಕುಂಡಗಳಿದ್ದರೆ ಗಾಳಿ ಶುದ್ಧವಾಗುವುದೆಂಬ ನಂಬಿಕೆ. 1989ರಲ್ಲಿ ನಾಸಾ ಸಂಸ್ಥೆಯವರು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ನಡೆಸಿದ ಪ್ರಯೋಗದಿಂದ ಅದು ಹರಡಿತು. ಗಾಳಿಯಾಡುವ ಮನೆಯಲ್ಲಿ ಅಂತಹ ಪರಿಣಾಮಕ್ಕೆ ಪ್ರತಿ ಚದರ ಮೀಟರಿಗೆ ಕನಿಷ್ಠ ಹತ್ತು ಗಿಡಗಳಾದರೂ ಬೇಕೆಂದು ಅನಂತರದ ವಿಮರ್ಶೆಗಳು ಲೆಕ್ಕಹಾಕಿವೆ. ಗಾಳಿಗಾಗಿ ಕಿಟಕಿ ತೆರೆಯಬೇಕು. ಗಿಡವನ್ನು ಅದರ ಎಲೆಗಾಗಿ, ಮನಸ್ಸಿನ ಸಂತೋಷಕ್ಕಾಗಿ ಬೆಳೆಸಬೇಕು.

ನೀರು, ಸೊಳ್ಳೆ ಮತ್ತು ಸೇವನೆ

ಬೆಳಕು ಹೆಚ್ಚಿದಂತೆ ಗಿಡ ಹೆಚ್ಚು ನೀರು ಕುಡಿಯುತ್ತದೆ. ಆದರೂ ಗಡಿಯಾರ ನೋಡಿ ನೀರು ಹಾಕಬಾರದು. ಬೆರಳನ್ನು ಒಂದು ಅಂಗುಲ ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ಹಾಕಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬಾರದು. ಡೆಂಗ್ಯು ಹರಡುವ ಸೊಳ್ಳೆ ಇಂತಹ ಅಲ್ಪ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಆದ್ದರಿಂದ ತಟ್ಟೆಯನ್ನು ವಾರಕ್ಕೆರಡು ಬಾರಿ ಚೆಲ್ಲಿ ಉಜ್ಜಿ ಒರೆಸಬೇಕು. ಸದಾ ತೇವವಿರುವ ಮಣ್ಣಿನಲ್ಲಿ ಬೂಸಲು ಹುಟ್ಟುತ್ತದೆ; ಉಬ್ಬಸದವರಿರುವ ಮನೆಯಲ್ಲಿ ಇದು ಗಮನಾರ್ಹ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಹಾಕಿದರೆ ಪೋಷಣೆ ಸಾಕು.

ಅಂಗಡಿಯಿಂದ ತಂದ ಸಸಿಗೆ ಕೀಟನಾಶಕ ಸಿಂಪಡಿಸಿರಬಹುದು. ಮೊದಲ ಒಂದೂವರೆ ತಿಂಗಳು ಅದರ ಎಲೆಯನ್ನು ಸೇವಿಸದೆ, ಆಮೇಲೆ ನಮ್ಮ ಮನೆಯಲ್ಲೇ ಚಿಗುರಿದ ಎಲೆಯನ್ನು ತೊಳೆದು ಬಳಸಬೇಕು. ಒಮ್ಮೆಗೆ ಗಿಡದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕೊಯ್ಯಬಾರದು. ದೊಡ್ಡಪತ್ರೆ, ಒಂದೆಲಗಗಳ ತಂಬುಳಿ, ಚಟ್ನಿ ಆಹಾರದ ಪ್ರಮಾಣದಲ್ಲಿ ಎಲ್ಲರಿಗೂ ಹಿತ. ಔಷಧವೆಂದು ದಿನವೂ ರಸ ಸೇವಿಸುವ ಮುನ್ನ ವೈದ್ಯರ ಸಲಹೆ ಪಡೆಯಬೇಕು. ಗರ್ಭಿಣಿಯರು, ಯಕೃತ್ತಿನ ತೊಂದರೆಯಿರುವವರು, ಮಧುಮೇಹಕ್ಕೆ ಅಥವಾ ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತೆಗೆದುಕೊಳ್ಳುವವರು ಇದನ್ನು ತಪ್ಪದೆ ಪಾಲಿಸಬೇಕು. ಮನೆಯಲ್ಲಿ ಗಿಡವಿದೆಯೆಂದು ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವುದು ಅಪಾಯಕರ. ಎಳೆಯ ಮಗುವಿಗೆ ಕೆಮ್ಮಿನೊಡನೆ ಏದುಸಿರು ಬಂದರೆ ತುಳಸಿಯ ರಸ ಹಿಂಡುತ್ತ ಕೂಡದೆ ಆಸ್ಪತ್ರೆಗೆ ಒಯ್ಯಬೇಕು.

ಈ ಲೇಖನವನ್ನು ಓದಿದವರು ನಾಳೆಯೇ ಅಂಗಡಿಗೆ ಹೋಗಬೇಕೆಂದು ನಮ್ಮ ಅಭಿಪ್ರಾಯವಲ್ಲ. ಮೊದಲು ಮನೆಯ ಕಿಟಕಿಗಳಲ್ಲಿ ಮೂರು ಹೊತ್ತು ಬೆಳಕನ್ನು ಅಳೆಯೋಣ. ಬಿಸಿಲು ಬರುವ ಜಾಗವಿದ್ದರೆ ಗಿಡ ಅಲ್ಲಿಗೆ ಹೋಗಲಿ. ಇಲ್ಲವಾದಲ್ಲಿ ಒಂದು ದೀಪ, ಎರಡು ಕುಂಡಗಳಿಂದ ಆರಂಭಿಸಿ, ಸಂಜೆ ಏಳೆಂಟರೊಳಗೆ ದೀಪ ಆರುವಂತೆ ನೋಡಿಕೊಂಡರೆ ಸಾಕು. ಒಂದು ತಿಂಗಳ ತರುವಾಯ ಎಲೆಯೊಂದನ್ನು ಬೆರಳಿನಲ್ಲಿ ಉಜ್ಜಿ ಮೂಸಿದಾಗ ಘಮ್ಮೆಂದರೆ ಬೆಳಕಿನ ಮಾತ್ರೆ ಸರಿಹೋಗಿದೆ ಎಂದರ್ಥ.